ತೆರೆಯ ಮೇಲೆ ನಮ್ಮವರ ಮುಖ



ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಿಂದ ಒಂದು ಕುಟುಂಬದವರು ಬರೆದ ಪತ್ರ ನಮ್ಮ ಮುಂದಿದೆ. ಬರೆದವರು ಆ ಮನೆಯ ಸೊಸೆ. ಅವರ ಅತ್ತೆಯವರಿಗೆ 80 ವರ್ಷ ದಾಟಿದೆ, ದೃಷ್ಟಿ ಮಂದವಾಗಿದೆ. ಅಂಗೈಯಗಲದ ಫೋನಿನಲ್ಲಿ ಯಾರ ಮುಖವನ್ನು ತೋರಿಸಿದರೂ ಮಬ್ಬಾಗಿದೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗ ಇದನ್ನು ಕಂಡು, ಟ್ರಂಕಿನಲ್ಲಿದ್ದ ಹಳೆಯ ಛಾಯಾಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ಅವುಗಳ ಜೊತೆಗೆ ಈಚಿನ ಗೃಹಪ್ರವೇಶದ ಫೋಟೋಗಳನ್ನೂ ಸೇರಿಸಿ ಒಂದು ಡಿಸ್ಕ್ ಮಾಡಿ ತಂದನಂತೆ. ಮನೆಯ ಟಿವಿಯ ಕೆಳಗೆ ಹಳೆಯದೊಂದು ಡಿವಿಡಿ ಪ್ಲೇಯರ್ ಇದೆ. ಅದರಲ್ಲಿ ತೋರಿಸಿದರೆ ಅಜ್ಜಿಗೆ ದೊಡ್ಡದಾಗಿ ಕಂಡೀತೆಂಬುದು ಅವನ ಎಣಿಕೆ.

ಡಿಸ್ಕ್ ಹಾಕಿದಾಗ ನಡೆದದ್ದು ಬೇರೆ. ಸುಮಾರು 300 ಚಿತ್ರಗಳಲ್ಲಿ ಮೂರನೆಯ ಒಂದು ಪಾಲು ತೆರೆಗೆ ಬರಲೇ ಇಲ್ಲ. ಬಂದವುಗಳಲ್ಲಿ ಹಲವು ಅಡ್ಡ ಮಲಗಿದ್ದವು. ಮದುವೆಯ ಸಮೂಹ ಚಿತ್ರದಲ್ಲಿ ಹಿಂದಿನ ಸಾಲಿನವರ ತಲೆಗಳು ಚೌಕಟ್ಟಿನಾಚೆ ಹೋಗಿದ್ದವು. ಲಿಂಗೈಕ್ಯರಾದ ಯಜಮಾನರ ಮುಖ ಊದಿಕೊಂಡಂತೆ ಅಗಲವಾಗಿ ಕಂಡು, ಆ ತಾಯಿ "ಇವರು ಯಾರಪ್ಪಾ?" ಎಂದು ಮೊಮ್ಮಗನನ್ನೇ ಕೇಳಿದರಂತೆ. ಪತ್ರದ ಕೊನೆಯಲ್ಲಿ ಆ ಸೊಸೆ ಬರೆದಿರುವ ಮಾತು ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ಆ ಮದುವೆಯ ಚಿತ್ರದಲ್ಲಿ 43 ಮಂದಿ ಇದ್ದಾರೆ. ಮನೆಯ ಉಳಿದವರಿಗೆ ಗುರುತು ಹತ್ತುವವರು ಏಳೆಂಟು ಮಂದಿ ಮಾತ್ರ. ಮಿಕ್ಕವರ ಹೆಸರುಗಳು ಇರುವುದು ಅತ್ತೆಯವರ ನೆನಪಿನಲ್ಲಿ, ಬೇರೆಲ್ಲಿಯೂ ಇಲ್ಲ.

ಆದ್ದರಿಂದ ಇದನ್ನು ಯಂತ್ರದ ಕಿರಿಕಿರಿಯೆಂದು ಬದಿಗಿಡಲು ನಮಗೆ ಮನಸ್ಸಾಗಲಿಲ್ಲ. ಇಂತಹ ಕೆಲಸದಲ್ಲಿ ಪಳಗಿದ ಇಬ್ಬರು ತರುಣರನ್ನು ಕೂಡಿಸಿಕೊಂಡು, ಒಂದೊಂದು ತೊಡಕನ್ನೂ ಬಿಡಿಸಿ ನೋಡಿ, ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಬೂದಿಕೋಟೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅದು ಹೈದರ್ ಅಲಿಯ ಜನ್ಮಸ್ಥಳವೆಂಬ ಸಂಗತಿ. ನಮಗೆ ಅದರೊಂದಿಗೆ ನೆನಪಾಗುವುದು ಇನ್ನೊಂದು. ಈ ಶತಮಾನದ ಮೊದಲ ವರ್ಷಗಳಲ್ಲಿ ಮೈರಾಡ ಹಾಗೂ ವಾಯ್ಸಸ್ ಎಂಬ ಸಂಸ್ಥೆಗಳು ಯುನೆಸ್ಕೋದ ನೆರವಿನಿಂದ ಈ ಊರಿನಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ ಕೇಂದ್ರವನ್ನು ಕಟ್ಟಿದವು. ಸ್ವಯಂಸೇವಾ ಸಂಸ್ಥೆಗಳು ಆಕಾಶಮಾರ್ಗದಲ್ಲಿ ಪ್ರಸಾರ ಮಾಡಲು ಆಗ ಅನುಮತಿ ಇರಲಿಲ್ಲ. ಅದು ದೊರೆತದ್ದು 2006ರ ಕೊನೆಯಲ್ಲಿ. ಅಲ್ಲಿಯತನಕ ಸುಮ್ಮನಿರಲೊಪ್ಪದ ಊರಿನವರು ಮನೆಮನೆಗೆ ಎಳೆದಿದ್ದ ಟಿವಿಯ ಕೇಬಲ್ಲಿನಲ್ಲಿಯೇ ತಮ್ಮ ಧ್ವನಿಯನ್ನು ಕಳುಹಿಸಿದರು. ಸಿನಿಮಾ ತರುತ್ತಿದ್ದ ತಂತಿ ನೆರೆಮನೆಯ ಹೆಣ್ಣುಮಗಳ ಮಾತನ್ನೂ ತಂದಿತು. ಇರುವ ಸಲಕರಣೆಯನ್ನು ತಮ್ಮ ಅಗತ್ಯಕ್ಕೆ ಒಗ್ಗಿಸಿಕೊಂಡ ಊರಿಗೆ, ಸಿನಿಮಾ ನೋಡಲು ಕೊಂಡ ಡಿವಿಡಿ ಯಂತ್ರವನ್ನು ಮನೆಯವರ ಮುಖ ನೋಡಲು ಒಗ್ಗಿಸಿಕೊಳ್ಳುವುದು ಹೊಸ ವಿದ್ಯೆಯೇನೂ ಅಲ್ಲ.

ಮೊದಲೇ ಒಂದು ಮಾತು. ಮನೆಯಲ್ಲಿರುವುದು ಈಚಿನ ಟಿವಿಯಾಗಿದ್ದು, ಅದರ ಹಿಂಬದಿಯಲ್ಲೋ ಪಕ್ಕದಲ್ಲೋ ಪೆನ್ ಡ್ರೈವ್ ಚುಚ್ಚುವ ಕಿಂಡಿ ಇದ್ದರೆ, ಡಿವಿಡಿ ಪ್ಲೇಯರಿನ ಗೊಡವೆಗೆ ಹೋಗಬೇಕಾಗಿಲ್ಲ. ನೇರವಾಗಿ ಟಿವಿಗೇ ಹಾಕಿ ನೋಡಿರಿ. ಮುಂದೆ ಹೇಳುವ ತೊಡಕುಗಳಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲಿ ತಲೆಹಾಕುವುದಿಲ್ಲ. ಆದರೆ ಹಳೆಯ ಟಿವಿ, ಹಳೆಯ ಪ್ಲೇಯರ್ ಎರಡೂ ಗಟ್ಟಿಯಾಗಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಎಸೆಯಿರೆಂದು ಹೇಳುವುದು ನಮ್ಮ ಬಾಯಿಗೆ ಬಾರದ ಮಾತು.

ಡಿವಿಡಿ ಎಂಬುದು ಮಾರುಕಟ್ಟೆಗೆ ಬಂದದ್ದು 1996ರ ನವೆಂಬರಿನಲ್ಲಿ, ಜಪಾನಿನಲ್ಲಿ. ಅದು ಹುಟ್ಟಿದ್ದು ಚಲನಚಿತ್ರಕ್ಕಾಗಿ. ಛಾಯಾಚಿತ್ರಗಳನ್ನು ಅಡಕವಾಗಿ ಬರೆದಿಡುವ ಜೆಪೆಗ್ ಎಂಬ ಪದ್ಧತಿ 1992ರಲ್ಲಿ ರೂಪುಗೊಂಡಿತ್ತಾದರೂ, ಅದನ್ನು ಓದುವ ಶಕ್ತಿಯನ್ನು ತಯಾರಕರು ಪ್ಲೇಯರುಗಳಿಗೆ ಕೊಟ್ಟದ್ದು ಆಮೇಲೆ, ಒಂದು ಹೆಚ್ಚುವರಿ ಸೌಲಭ್ಯವೆಂದು. ಹೀಗಾಗಿ ಆ ಮನೆಯಲ್ಲಿ ಸಿನಿಮಾ ಯಜಮಾನ, ಫೋಟೋ ಅತಿಥಿ. ಒಂದೊಂದು ತಯಾರಕರ ಯಂತ್ರ ಒಂದೊಂದು ರೀತಿಯಲ್ಲಿ ವರ್ತಿಸುವುದಕ್ಕೆ ಇದೇ ಕಾರಣ. ನಿಮ್ಮ ಪ್ಲೇಯರಿನ ಮುಂಭಾಗದಲ್ಲಿ 'ಜೆಪೆಗ್' ಎಂದಾಗಲಿ 'ಕೊಡಕ್ ಪಿಕ್ಚರ್ ಸಿಡಿ' ಎಂದಾಗಲಿ ಮುದ್ರಿಸಿದೆಯೇ ಎಂದು ಮೊದಲು ನೋಡಿರಿ. ಅಲ್ಲಿ ಇಲ್ಲದಿದ್ದರೆ ಅದರೊಡನೆ ಬಂದ ಪುಸ್ತಿಕೆಯಲ್ಲಿ ನೋಡಿರಿ. ಎರಡರಲ್ಲಿಯೂ ಇಲ್ಲದಿದ್ದರೆ ಫೋಟೋವನ್ನು ಫೋಟೋವಾಗಿ ತೋರಿಸುವ ಆಸೆಯನ್ನು ಬಿಟ್ಟು, ಮುಂದೆ ಹೇಳಲಿರುವ ವಿಡಿಯೋ ಡಿಸ್ಕಿನ ದಾರಿಯನ್ನೇ ಹಿಡಿಯಬೇಕು.

ಇನ್ನು, ಬಾರದೆ ಹೋದ ಚಿತ್ರಗಳ ವಿಚಾರ. ಐಫೋನುಗಳು 2017ರಿಂದೀಚೆಗೆ ಚಿತ್ರಗಳನ್ನು ಹೀಕ್ ಎಂಬ ಹೊಸ ಪದ್ಧತಿಯಲ್ಲಿ ಬರೆಯುತ್ತಿವೆ. ಬೇರೆ ಕೆಲವು ಫೋನುಗಳಲ್ಲಿಯೂ ಅದಕ್ಕೆ ಅವಕಾಶವಿದೆ. ಹಳೆಯ ಪ್ಲೇಯರಿಗೆ ಆ ಲಿಪಿ ಬಾರದು. ಹೀಕ್ ಎಂಬ ಬಾಲವನ್ನು ಅಳಿಸಿ ಜೆಪಿಜಿ ಎಂದು ಹೆಸರು ತಿದ್ದಿದರೆ ಸಾಕೆಂದು ಕೆಲವರು ಭಾವಿಸುತ್ತಾರೆ. ಹೊದಿಕೆಯ ಮೇಲಿನ ಹೆಸರು ಬದಲಾದರೆ ಒಳಗಿನ ಗ್ರಂಥ ಬದಲಾಗುವುದುಂಟೇ? ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಜೆಪೆಗ್ ಆಗಿ ಹೊಸದಾಗಿ ಉಳಿಸಬೇಕು. ಮುಂದಿನ ಚಿತ್ರಗಳ ಮಟ್ಟಿಗೆ, ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಎಂಬುದನ್ನು ಆರಿಸಿದರೆ ಫೋನೇ ಜೆಪೆಗ್ ಬರೆಯುತ್ತದೆ. ಫೋನಿನ ತೆರೆಯನ್ನೇ ಸೆರೆಹಿಡಿದ ಚಿತ್ರಗಳು ಬಹುಮಟ್ಟಿಗೆ ಪಿಎನ್‌ಜಿ ಎಂಬ ಇನ್ನೊಂದು ಪದ್ಧತಿಯವು. ಅವುಗಳಿಗೂ ಇದೇ ಚಿಕಿತ್ಸೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಹೆಸರು ಜೆಪಿಜಿ, ಒಳಗೂ ನಿಜವಾದ ಜೆಪೆಗ್; ಆದರೂ ಪ್ಲೇಯರ್ ಒಲ್ಲೆನೆನ್ನುತ್ತದೆ. ಜೆಪೆಗ್‌ನಲ್ಲಿ ಎರಡು ಬಗೆ. ಒಂದರಲ್ಲಿ ಚಿತ್ರವು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ, ನಾವು ಪುಟವನ್ನು ಓದುವಂತೆ, ಬರೆದಿರುತ್ತದೆ, ಇದು 'ಬೇಸ್‌ಲೈನ್'. ಇನ್ನೊಂದರಲ್ಲಿ ಇಡೀ ಚಿತ್ರದ ಸ್ಥೂಲರೂಪ ಮೊದಲು, ಅದರ ಮೇಲೆ ಹಲವು ಆವೃತ್ತಿಗಳಲ್ಲಿ ವಿವರಗಳು ಬರುತ್ತವೆ, ಇದು 'ಪ್ರೋಗ್ರೆಸಿವ್'. ಅಂತರಜಾಲದ ವೇಗ ಮಂದವಾಗಿದ್ದಲ್ಲಿ ಪೂರ್ತಿ ಕಾಯದೆಯೇ ಚಿತ್ರದ ಹೊಳಹು ಕಾಣಲಿ ಎಂಬುದಕ್ಕೆ ಈ ಬಗೆ ಉಪಯುಕ್ತ. ಆದರೆ ಇದನ್ನು ಬಿಡಿಸಲು ಇಡೀ ಚಿತ್ರವನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಹಳೆಯ ಪ್ಲೇಯರಿನ ಸ್ಮೃತಿ ಕಿರಿದು, ಅದು ಸೋಲೊಪ್ಪುತ್ತದೆ. ಜಾಲತಾಣಗಳಿಂದ ಇಳಿಸಿಕೊಂಡ ಚಿತ್ರಗಳಲ್ಲಿ ಈ ಬಗೆಯವು ಸೇರಿರುತ್ತವೆ. ಗಿಂಪ್ ಅಥವಾ ಇರ್ಫಾನ್‌ವ್ಯೂ ಎಂಬ ತಂತ್ರಾಂಶಗಳಲ್ಲಿ — ಎರಡೂ ಮನೆಯ ಬಳಕೆಗೆ ಹಣವಿಲ್ಲದೆ ದೊರೆಯುತ್ತವೆ — ಚಿತ್ರವನ್ನು ತೆರೆದು, ಉಳಿಸುವಾಗ 'ಪ್ರೋಗ್ರೆಸಿವ್' ಎಂಬಲ್ಲಿರುವ ಗುರುತನ್ನು ತೆಗೆದರೆ ಸಾಕು. ಇರ್ಫಾನ್‌ವ್ಯೂನಲ್ಲಿ ಒಂದು ಫೋಲ್ಡರಿನ ಚಿತ್ರಗಳನ್ನೆಲ್ಲ ಒಂದೇ ಸಲಕ್ಕೆ ಹೀಗೆ ಪರಿವರ್ತಿಸುವ ಅನುಕೂಲವಿದೆ.

ಚಿತ್ರದ ಗಾತ್ರವನ್ನೂ ಈ ಹಂತದಲ್ಲಿಯೇ ಇಳಿಸಿಬಿಡುವುದು ಒಳ್ಳೆಯದು. ಇಂದಿನ ಸಾಮಾನ್ಯ ಫೋನಿನ ಚಿತ್ರವೊಂದರಲ್ಲಿ ಅಡ್ಡಲಾಗಿ 4,000, ನಿಲುವಾಗಿ 3,000, ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ. ನಮ್ಮ ದೇಶದ ಹಳೆಯ ಟಿವಿಗಳು ಅನುಸರಿಸುವ ಪಾಲ್ ಪದ್ಧತಿಗೆ ತಕ್ಕ ಡಿವಿಡಿ ಚಿತ್ರದಲ್ಲಿ ಇರುವುದು ಅಡ್ಡ 720, ನಿಲುವು 576, ಗುಣಿಸಿದರೆ 4,14,720. ಎಂದರೆ ಪ್ಲೇಯರ್ ಸುಮಾರು 29 ಚುಕ್ಕೆಗಳನ್ನು ಓದಿ ಒಂದನ್ನು ತೋರಿಸುತ್ತದೆ. ಒಂದೊಂದು ಚಿತ್ರ ತೆರೆದುಕೊಳ್ಳಲು ಅದು ತಡಕಾಡುವುದೂ, ಕೆಲವೊಮ್ಮೆ ನಡುವೆಯೇ ನಿಂತುಬಿಡುವುದೂ ಈ ಭಾರದಿಂದ. ಉದ್ದದ ಬದಿ 1,600 ಚುಕ್ಕೆಗಳಿಗೆ ಇಳಿಸಿದರೆ ತೆರೆಯ ಮೇಲೆ ಏನೂ ಕಡಿಮೆಯಾದಂತೆ ಕಾಣದು; ಓಟ ಮಾತ್ರ ಸರಾಗವಾಗುತ್ತದೆ.

ಹೆಸರಿಡುವಾಗ ನಮ್ಮ ಕನ್ನಡಾಭಿಮಾನವನ್ನು ಸ್ವಲ್ಪ ತಡೆಹಿಡಿಯಬೇಕಾಗಿದೆ. 'ಅಜ್ಜಿಯ ಮದುವೆ' ಎಂದು ಕನ್ನಡದಲ್ಲಿ ಬರೆದ ಹೆಸರು ಹಳೆಯ ಪ್ಲೇಯರಿನಲ್ಲಿ ಬರಿಯ ಚೌಕಗಳಾಗಿಯೋ ಪ್ರಶ್ನಾರ್ಥಕ ಚಿಹ್ನೆಗಳಾಗಿಯೋ ಕಾಣುವುದು. ಅದರೊಳಗೆ ನಮ್ಮ ಅಕ್ಷರಗಳ ಅಚ್ಚೇ ಇಲ್ಲ. ಇಂಗ್ಲಿಷಿನ ಉದ್ದ ಹೆಸರುಗಳನ್ನೂ ಅದು ಕತ್ತರಿಸುತ್ತದೆ. ಡಿಸ್ಕುಗಳಿಗಾಗಿ ಮಾಡಿದ ಹಳೆಯ ನಿಯಮದ ಪ್ರಕಾರ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು ಅಕ್ಷರ ಮಾತ್ರ. ಅಂಕೆಗಳೇ ಕ್ಷೇಮ. 1, 2, 3 ಎಂದು ಬರೆದರೆ ಕೆಲವು ಯಂತ್ರಗಳು ಒಂದರ ನಂತರ ಹತ್ತನ್ನು, ಹತ್ತೊಂಬತ್ತಾದ ಮೇಲೆ ಎರಡನ್ನು ತೋರಿಸುತ್ತವೆ. 001, 002, 003 ಎಂದು ಬರೆದರೆ ಕ್ರಮ ತಪ್ಪದು. ಫೋಲ್ಡರಿನೊಳಗೆ ಫೋಲ್ಡರ್, ಅದರೊಳಗೆ ಮತ್ತೊಂದು ಎಂದು ಹೆಣೆಯದೆ, ಒಂದೊಂದರಲ್ಲಿ ನೂರರಂತೆ ಹಂಚಿದರೆ ಹುಡುಕಲು ಸುಲಭ.

ಡಿಸ್ಕ್ ಬರೆಯುವ ಮಾತಿಗೆ ಬರೋಣ. ವಿಂಡೋಸ್ ಕಂಪ್ಯೂಟರಿಗೆ ಖಾಲಿ ಡಿಸ್ಕ್ ಹಾಕಿದರೆ ಅದು ಒಂದು ಪ್ರಶ್ನೆ ಕೇಳುತ್ತದೆ: ಇದನ್ನು ಪೆನ್ ಡ್ರೈವಿನಂತೆ ಬಳಸುವಿರೋ, ಸಿಡಿ ಅಥವಾ ಡಿವಿಡಿ ಪ್ಲೇಯರಿನೊಡನೆ ಬಳಸುವಿರೋ ಎಂದು. ಮೊದಲನೆಯದು ಆಕರ್ಷಕವಾಗಿ ಕಂಡು ಅದನ್ನೇ ಒತ್ತುವವರು ಬಹಳ. ಹಾಗೆ ಬರೆದ ಡಿಸ್ಕ್ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ತೆರೆಯುತ್ತದೆ. ಪ್ಲೇಯರಿನಲ್ಲಿ ತೆರೆಯದಿರುವ ಸಂಭವವೇ ಹೆಚ್ಚು. ಎರಡನೆಯದನ್ನೇ ಆರಿಸಬೇಕು. ಎಲ್ಲ ಚಿತ್ರಗಳನ್ನೂ ಒಂದೇ ಸಲಕ್ಕೆ ಬರೆದು, ಡಿಸ್ಕನ್ನು ಮುಕ್ತಾಯಗೊಳಿಸಬೇಕು. ಇದಕ್ಕೆ 'ಫೈನಲೈಸ್' ಎನ್ನುತ್ತಾರೆ. ಇಂದು ಹತ್ತು, ಬರುವ ವಾರ ಹತ್ತು ಎಂದು ಸೇರಿಸುತ್ತ ಹೋದರೆ ಹಳೆಯ ಪ್ಲೇಯರುಗಳಲ್ಲಿ ಅನೇಕವು ಮೊದಲ ಕಂತನ್ನಷ್ಟೇ ಓದಿ ಸುಮ್ಮನಾಗುತ್ತವೆ. ದುಬಾರಿ ಡಿಸ್ಕಿನ ಅಗತ್ಯವಿಲ್ಲ: ಗಾತ್ರ ಇಳಿಸಿದ 300 ಚಿತ್ರಗಳು, ಒಂದೊಂದು ಅರ್ಧ ಎಂಬಿಯಂತೆ, 150 ಎಂಬಿ ಮಾತ್ರ, 700 ಎಂಬಿಯ ಸಾಧಾರಣ ಸಿಡಿಯಲ್ಲಿ ಇನ್ನೂ ಜಾಗ ಮಿಗುತ್ತದೆ. ಅಳಿಸಿ ಬರೆಯುವ ಡಿಸ್ಕಿಗಿಂತ ಒಮ್ಮೆ ಮಾತ್ರ ಬರೆಯುವ ಡಿಸ್ಕನ್ನು ಹಳೆಯ ಯಂತ್ರದ ಕಿರಣ ಸುಲಭವಾಗಿ ಓದುತ್ತದೆ.

ಪ್ಲೇಯರಿಗೆ ಪೆನ್ ಡ್ರೈವಿನ ಕಿಂಡಿ ಇದ್ದರೆ ಡಿಸ್ಕಿನ ಶ್ರಮ ಉಳಿಯಿತು. ಅಲ್ಲಿ ಗಮನಿಸಬೇಕಾದದ್ದು ಒಂದೇ: ಪೆನ್ ಡ್ರೈವ್ 'ಫ್ಯಾಟ್ 32' ಎಂಬ ವ್ಯವಸ್ಥೆಯಲ್ಲಿರಬೇಕು. 64 ಜಿಬಿ ಮತ್ತು ಅದಕ್ಕೂ ದೊಡ್ಡ ಹೊಸ ಪೆನ್ ಡ್ರೈವುಗಳು ಸಾಮಾನ್ಯವಾಗಿ ಬೇರೆ ವ್ಯವಸ್ಥೆಯಲ್ಲಿ ಬರುತ್ತವೆ. ಪ್ಲೇಯರ್ ಅವುಗಳನ್ನು ಗುರುತಿಸದು. ಮೂಲೆಯಲ್ಲಿ ಬಿದ್ದಿರುವ ಹಳೆಯ 4 ಅಥವಾ 8 ಜಿಬಿಯದೇ ಈ ಕೆಲಸಕ್ಕೆ ಹೇಳಿಮಾಡಿಸಿದಂತಿರುತ್ತದೆ.

ಅಡ್ಡ ಮಲಗುವ ಚಿತ್ರಗಳ ಗುಟ್ಟು ಹೀಗಿದೆ. ಫೋನನ್ನು ನಿಲುವಾಗಿ ಹಿಡಿದು ತೆಗೆದಾಗಲೂ ಒಳಗಿನ ಚಿತ್ರ ಅಡ್ಡಲಾಗಿಯೇ ದಾಖಲಾಗಿರುವುದುಂಟು. ಜೊತೆಗೆ "ತೋರಿಸುವಾಗ ತಿರುಗಿಸಿ ತೋರಿಸು" ಎಂಬ ಚೀಟಿಯೊಂದು ಫೈಲಿನೊಳಗೆ ಇರುತ್ತದೆ. ಫೋನೂ ಕಂಪ್ಯೂಟರೂ ಆ ಚೀಟಿಯನ್ನು ಓದಿ ನಡೆಯುತ್ತವೆ. ಹಳೆಯ ಪ್ಲೇಯರ್ ಅದನ್ನು ಲೆಕ್ಕಿಸುವುದಿಲ್ಲ. ಆದಕಾರಣ ಕಂಪ್ಯೂಟರಿನಲ್ಲಿ ನೆಟ್ಟಗೆ ಕಾಣುತ್ತಿದೆಯೆಂದು ನಂಬಿ ಕೂರದೆ, ಚಿತ್ರವನ್ನೇ ತಿರುಗಿಸಿ ಉಳಿಸಬೇಕು. ಮೇಲೆ ಹೇಳಿದ ಸಾಮೂಹಿಕ ಪರಿವರ್ತನೆಯಲ್ಲಿ ಚೀಟಿಗನುಸಾರ ತಿರುಗಿಸುವ ಆಯ್ಕೆಯೂ ಇದೆ. ಒಂದೆರಡು ಚಿತ್ರಗಳಾದರೆ ರಿಮೋಟಿನ ಬಾಣದ ಗುಂಡಿಗಳಿಂದಲೇ ತಿರುಗಿಸಬಹುದು. ಮುನ್ನೂರು ಚಿತ್ರಗಳಿಗೆ ಅದು ಕೆಲಸವಲ್ಲ.

ಈಗ ಊದಿದ ಮುಖದ ವಿಚಾರ. ಇದರಲ್ಲಿ ನಾವು ಹೆಚ್ಚು ಹೊತ್ತು ನಿಲ್ಲುತ್ತೇವೆ. ಏಕೆಂದರೆ ಬಾರದ ಚಿತ್ರ ಬಾರದೆಂದು ಎಲ್ಲರಿಗೂ ತಿಳಿಯುತ್ತದೆ, ವಿಕಾರಗೊಂಡ ಚಿತ್ರವನ್ನು ಎಷ್ಟೋ ಮನೆಗಳಲ್ಲಿ ಹಾಗೆಯೇ ಒಪ್ಪಿಕೊಂಡು ಕೂತಿದ್ದಾರೆ. ಹಳೆಯ ಟಿವಿಯ ತೆರೆ ನಾಲ್ಕು ಪಾಲು ಅಗಲ, ಮೂರು ಪಾಲು ಎತ್ತರ. ಹೊಸ ತೆರೆ ಹದಿನಾರು ಪಾಲು ಅಗಲ, ಒಂಬತ್ತು ಪಾಲು ಎತ್ತರ. ಹಳೆಯ ಅಳತೆಯ ಚಿತ್ರವನ್ನು ಹೊಸ ತೆರೆಯ ಅಂಚಿನಿಂದ ಅಂಚಿಗೆ ಎಳೆದರೆ ಅಗಲ ಮಾತ್ರ ಮೂರನೆಯ ಒಂದು ಪಾಲು ಹಿಗ್ಗುತ್ತದೆ. ಎತ್ತರ ಇದ್ದಷ್ಟೇ ಇರುತ್ತದೆ. ಆರು ಬೆರಳಗಲದ ಮುಖ ಎಂಟು ಬೆರಳಾಯಿತು. ದಿನವೂ ನೋಡುವ ಮೊಮ್ಮಗನ ಮುಖ ಹೀಗಾದರೆ ನಕ್ಕು ಸುಮ್ಮನಾಗುತ್ತೇವೆ. ಎಷ್ಟೋ ವರ್ಷಗಳಿಂದ ಕಾಣದ, ಮತ್ತೆ ಕಾಣಲಾಗದ ಮುಖ ಹೀಗೆ ಎದುರಾದರೆ ನೆನಪಿನಲ್ಲಿರುವ ಮುಖಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಬೂದಿಕೋಟೆಯ ತಾಯಿಯ ಪ್ರಶ್ನೆಯನ್ನು ಮರೆವಿನ ಲಕ್ಷಣವೆಂದು ಮನೆಯವರು ಶಂಕಿಸಿದ್ದರಂತೆ. ದೋಷ ಅವರ ನೆನಪಿನದಾಗಿರಲಿಲ್ಲ.

ಪರಿಹಾರಕ್ಕೆ ಮುಂಚೆ ಪರೀಕ್ಷೆ. ಅಡುಗೆಮನೆಯಿಂದ ದುಂಡಗಿನ ಊಟದ ತಟ್ಟೆಯೊಂದನ್ನು ತಂದು ನೆಲದ ಮೇಲಿಟ್ಟು, ಸರಿಯಾಗಿ ಅದರ ನಡುವಿನ ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಅದನ್ನು 001 ಎಂದು ಹೆಸರಿಸಿ ಉಳಿದ ಚಿತ್ರಗಳ ಮುಂದೆ ಸೇರಿಸಿರಿ. ಟಿವಿಯಲ್ಲಿ ಅದು ಬಂದಾಗ ಒಂದು ದಾರದಿಂದ ತಟ್ಟೆಯ ಅಗಲವನ್ನೂ ಎತ್ತರವನ್ನೂ ಅಳೆಯಿರಿ. ಎರಡೂ ಸಮನಾಗಿದ್ದರೆ ಮುಖಗಳೂ ಸರಿಯಿವೆ. ಅಗಲ ಹೆಚ್ಚಿದ್ದರೆ ಪ್ಲೇಯರಿನ ರಿಮೋಟಿನಲ್ಲಿ 'ಸೆಟಪ್' ಒತ್ತಿ, ಟಿವಿಯ ಆಕಾರವನ್ನು ಕೇಳುವ ಜಾಗಕ್ಕೆ ಹೋಗಿರಿ. ಅಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆಗಳು: 4:3 ಪ್ಯಾನ್ ಸ್ಕ್ಯಾನ್, 4:3 ಲೆಟರ್ ಬಾಕ್ಸ್, 16:9. ನಿಮ್ಮ ಟಿವಿ ಹಳೆಯ ಆಕಾರದ್ದಾದರೆ ಲೆಟರ್ ಬಾಕ್ಸ್, ಅಗಲದ್ದಾದರೆ 16:9. ಆಮೇಲೂ ತಟ್ಟೆ ಮೊಟ್ಟೆಯಾಕಾರದಲ್ಲಿಯೇ ಇದ್ದರೆ ಟಿವಿಯ ರಿಮೋಟನ್ನು ತೆಗೆದುಕೊಂಡು ಚಿತ್ರದ ಆಕಾರದ ಗುಂಡಿಯಿಂದ 4:3 ಎಂಬುದಕ್ಕೆ ಬದಲಿಸಿರಿ. ಎರಡು ಬದಿಗಳಲ್ಲಿ ಕಪ್ಪು ಪಟ್ಟಿಗಳು ಕಾಣಿಸುತ್ತವೆ. ತೆರೆ ಪೂರ್ತಿ ತುಂಬಲಿಲ್ಲವೆಂದು ಮಕ್ಕಳು ಗೊಣಗಿಯಾರು, ಗೊಣಗಲಿ. ತಟ್ಟೆ ದುಂಡಗಾದರೆ ಆಯಿತು.

ತಲೆ ಕತ್ತರಿಸುವ ದೋಷಕ್ಕೆ ಕಾರಣ ಬೇರೆ. ಗಾಜಿನ ಕೊಳವೆಯ ಹಳೆಯ ಟಿವಿಗಳಲ್ಲಿ ಚಿತ್ರದ ಅಂಚು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಅದನ್ನು ಮರೆಮಾಚಲು ಚಿತ್ರವನ್ನು ಚೌಕಟ್ಟಿಗಿಂತ ತುಸು ದೊಡ್ಡದಾಗಿ ಬಿಡಿಸುವ ಪದ್ಧತಿ ಬಂತು. ಸಿನಿಮಾ ತೆಗೆಯುವವರು ಇದನ್ನು ಬಲ್ಲವರು. ಮುಖ್ಯವಾದುದನ್ನು ಅಂಚಿಗೆ ತರುವುದಿಲ್ಲ. ಮದುವೆಮನೆಯ ಛಾಯಾಗ್ರಾಹಕರಿಗೆ ಅದರ ಚಿಂತೆ ಏಕಿರಬೇಕು? ಅವರು ಹಿಂದಿನ ಸಾಲನ್ನು ಚಿತ್ರದ ಮೇಲಂಚಿಗೇ ನಿಲ್ಲಿಸಿದರು. ಚಪ್ಪಟೆ ಟಿವಿಗಳಲ್ಲಿಯೂ ಈ ಹಳೆಯ ಅಭ್ಯಾಸ ಉಳಿದುಬಂದಿದೆ. ಅವುಗಳಲ್ಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಎಂಬ ಆಯ್ಕೆಯಿದ್ದರೆ ಅದನ್ನು ಬಳಸಿರಿ. ಇಲ್ಲವಾದರೆ ಚಿತ್ರಕ್ಕೇ ಅಂಚು ಕಟ್ಟಬೇಕು. 1,600 ಅಗಲ, 1,200 ಎತ್ತರದ ಕಪ್ಪು ಹಾಳೆಯ ನಡುವೆ, 1,440ಕ್ಕೆ 1,080 ಅಳತೆಯೊಳಗೆ ಚಿತ್ರವನ್ನು ಕೂರಿಸುವುದು. ಹೀಗೆ ಮಾಡಿದರೆ ನಾಲ್ಕು ಕಡೆಯೂ ಇಪ್ಪತ್ತರಲ್ಲೊಂದು ಪಾಲು ಬಿಟ್ಟಂತಾಗಿ, ಟಿವಿ ನುಂಗುವುದು ಕಪ್ಪು ಅಂಚನ್ನು ಮಾತ್ರ. ಬಂಗಾರಪೇಟೆಯಲ್ಲಾಗಲಿ ನಿಮ್ಮ ಊರಿನಲ್ಲಾಗಲಿ ಫೋಟೋ ಸ್ಟುಡಿಯೋದವರಿಗೆ ಈ ನಾಲ್ಕು ಸಂಖ್ಯೆಗಳನ್ನು ಬರೆದುಕೊಟ್ಟರೆ ಅವರಿಗೆ ಅರ್ಥವಾಗುತ್ತದೆ.

ಆದರೂ ಬೂದಿಕೋಟೆಯ ಆ ಸಮೂಹ ಚಿತ್ರದ ಸಮಸ್ಯೆ ಇಷ್ಟಕ್ಕೆ ಬಗೆಹರಿಯದು. ಲೆಕ್ಕ ಹಾಕಿ ನೋಡೋಣ. ಒಂದು ಸಾಲಿನಲ್ಲಿ ಸುಮಾರು 15 ಮಂದಿ. ಅಂಚು ಕಳೆದು ಉಳಿದ 650 ಚುಕ್ಕೆಗಳನ್ನು ಹಂಚಿದರೆ ಒಬ್ಬೊಬ್ಬರ ಪಾಲಿಗೆ, ಹೆಗಲೂ ಸೇರಿ, 43. ಮುಖಕ್ಕೆ ಬರುವುದು ಇಪ್ಪತ್ತೋ ಇಪ್ಪತ್ತೈದೋ. ಅಷ್ಟರಲ್ಲಿ ಕಣ್ಣು, ಮೂಗು, ವಿಭೂತಿ, ಮೀಸೆ ಎಲ್ಲವೂ ಅಡಗಬೇಕು. ಟಿವಿ ಎಷ್ಟೇ ದೊಡ್ಡದಿರಲಿ, ಚುಕ್ಕೆ ದೊಡ್ಡದಾದೀತೇ ಹೊರತು ಮುಖ ಸ್ಪಷ್ಟವಾಗದು. ಪ್ಲೇಯರಿನ 'ಜೂಮ್' ಗುಂಡಿಯಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಮಾಡಬೇಕಾದದ್ದು ಇದು: ಮೂಲ ಚಿತ್ರವನ್ನು ಅಂಗುಲಕ್ಕೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿಸಿದರೆ, ಆರು ಅಂಗುಲ ಅಗಲದ ಫೋಟೋದಲ್ಲಿ 3,600 ಚುಕ್ಕೆಗಳು ದೊರೆಯುತ್ತವೆ, ಒಬ್ಬೊಬ್ಬರ ಪಾಲಿಗೆ 240. ಆ ದೊಡ್ಡ ಪ್ರತಿಯಿಂದ ನಾಲ್ಕೈದು ಮಂದಿಯಂತೆ ಬಿಡಿ ತುಂಡುಗಳನ್ನು ತೆಗೆದು ಒಂದೊಂದನ್ನೂ ಪ್ರತ್ಯೇಕ ಚಿತ್ರವಾಗಿ ಡಿಸ್ಕಿಗೆ ಸೇರಿಸುವುದು. ಒಂದು ತುಂಡಿನ ಕೊನೆಯ ವ್ಯಕ್ತಿ ಮುಂದಿನ ತುಂಡಿನಲ್ಲಿ ಮೊದಲನೆಯವರಾಗಿ ಮತ್ತೆ ಬರಲಿ. ಆಗ ಯಾರೂ ನಡುವೆ ಕಳೆದುಹೋಗುವುದಿಲ್ಲ. ಪೂರ್ತಿ ಚಿತ್ರ ಮೊದಲು, ಅದರ ತುಂಡುಗಳು ಎಡದಿಂದ ಬಲಕ್ಕೆ, ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ.

ಪ್ಲೇಯರಿಗೆ ಫೋಟೋ ಓದುವ ವಿದ್ಯೆಯೇ ಇಲ್ಲದ ಮನೆಗಳಿಗೆ ವಿಡಿಯೋ ಡಿಸ್ಕ್ ಎಂದೆವಲ್ಲ, ಅದನ್ನು ಚಿಕ್ಕದಾಗಿ ಹೇಳುತ್ತೇವೆ. ಡಿವಿಡಿಸ್ಟೈಲರ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರಗಳನ್ನು ಕ್ರಮವಾಗಿ ಜೋಡಿಸಿ, ಒಂದೊಂದಕ್ಕೆ ಇಷ್ಟು ಕ್ಷಣವೆಂದು ನಿಗದಿಪಡಿಸಿ, ಪಾಲ್ ಪದ್ಧತಿಯನ್ನು ಆರಿಸಿದರೆ ಅದು ಸಿನಿಮಾದಂತಹ ಡಿಸ್ಕನ್ನೇ ತಯಾರಿಸಿಕೊಡುತ್ತದೆ. ಹೆಸರು, ಬಾಲ, ಚೀಟಿಗಳ ರಗಳೆ ಇಲ್ಲ. ಮುದಿ ಕಣ್ಣುಗಳಿಗೆ ಒಂದು ಚಿತ್ರಕ್ಕೆ 15 ಕ್ಷಣವಾದರೂ ಬೇಕು.

ಇಷ್ಟೆಲ್ಲ ಮಾಡುವಾಗ ಎಚ್ಚರ ತಪ್ಪಬಾರದ ಒಂದು ಜಾಗವಿದೆ. ಗಾತ್ರ ಇಳಿಸಿದ ಚಿತ್ರವನ್ನು ಮೂಲ ಚಿತ್ರದ ಮೇಲೆಯೇ ಉಳಿಸಿಬಿಟ್ಟರೆ ಮೂಲ ಹೋಯಿತು. ಟಿವಿಗೆ ಸಾಕಾದ ಆ ಪ್ರತಿಯಿಂದ ಮುಂದೆ ಗೋಡೆಗೆ ಹಾಕುವ ದೊಡ್ಡ ಭಾವಚಿತ್ರ ಬರದು. ಒಂದು ಮನೆಯಲ್ಲಿ ಹೀಗೆಯೇ ಆಗಿ, ಕಾಗದದ ಫೋಟೋಗಳನ್ನೂ "ಎಲ್ಲ ಕಂಪ್ಯೂಟರಿನಲ್ಲಿದೆ" ಎಂದು ವಿಲೇವಾರಿ ಮಾಡಿದ್ದ ಸಂಗತಿ ನಮಗೆ ಗೊತ್ತು. ಮಠಗಳ ಗ್ರಂಥಭಂಡಾರಗಳಲ್ಲಿ ತಾಳೆಗರಿಯ ಮೂಲಪ್ರತಿಯನ್ನು ಕಟ್ಟಿಟ್ಟು, ದಿನನಿತ್ಯದ ಪಾಠಕ್ಕೆ ಕಾಗದದ ಮೇಲೆ ಇಳಿಸಿಕೊಂಡ ಪ್ರತಿಯನ್ನು ಬಳಸುತ್ತಿದ್ದುದನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ಕಂಡಿದ್ದೇವೆ. ಇಲ್ಲಿಯೂ ಹಾಗೆಯೇ. 'ಮೂಲ' ಎಂಬ ಒಂದು ಫೋಲ್ಡರ್, 'ಟಿವಿ' ಎಂಬ ಇನ್ನೊಂದು. ತಿದ್ದುವ ಕೈ ಎರಡನೆಯದಕ್ಕೆ ಮಾತ್ರ ಹೋಗಲಿ. ಮೂಲದ್ದು ಎರಡು ಬೇರೆ ಜಾಗಗಳಲ್ಲಿರಲಿ, ಒಂದು ಊರಿನಲ್ಲಿ, ಒಂದು ಮಗನ ಮನೆಯಲ್ಲಿ. ಡಿಸ್ಕನ್ನೇ ಭಂಡಾರವೆಂದು ನಂಬಬೇಡಿರಿ. ಮನೆಯಲ್ಲಿ ಬರೆದ ಸಿಡಿಯ ಅಕ್ಷರಗಳು ನಿಂತಿರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಖೆಗಳಿಗೆ ಅದು ಕೆಡುತ್ತದೆ. ಆ ಪದರ ಹೆಸರು ಬರೆಯುವ ಮೇಲ್ಮೈಗೇ ಹತ್ತಿರವಿರುವುದರಿಂದ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಗೀರು ಒಳಗೆ ಮುಟ್ಟೀತು. ಮೃದುವಾದ ಮಾರ್ಕರ್ ಬಳಸಿರಿ.

ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಒಂದು ನೋಟುಪುಸ್ತಕ ಇಟ್ಟುಕೊಳ್ಳಿರಿ. ಡಿಸ್ಕಿನಲ್ಲಿರುವ ಸಂಖ್ಯೆ, ಅದರ ಮುಂದೆ ಹಿರಿಯರು ಹೇಳಿದ್ದು. ತೆರೆಯ ಮೇಲೆ ತುಂಡು ಚಿತ್ರ ಬಂದಾಗ ರಿಮೋಟಿನ 'ಪಾಸ್' ಒತ್ತಿ ನಿಲ್ಲಿಸಿ, ಒಬ್ಬರು ಕೇಳಲಿ, ಒಬ್ಬರು ಬರೆಯಲಿ. ತಾಳೆಗರಿಗಳ ಕೊನೆಯಲ್ಲಿ ಪ್ರತಿಕಾರರು ತಮ್ಮ ಹೆಸರು, ಸಂವತ್ಸರ, ಮಾಸ, ತಿಥಿ ಬರೆದಿರುವುದುಂಟು. ಸಂವತ್ಸರದ ಹೆಸರನ್ನಷ್ಟೇ ಬರೆದು ಶಕವರ್ಷವನ್ನು ಬಿಟ್ಟಿದ್ದರೆ ವಿದ್ವಾಂಸರ ಪಾಡು ಬೇಡ. ಅದೇ ಹೆಸರು 60 ವರ್ಷಗಳಿಗೊಮ್ಮೆ ಮರಳುತ್ತದೆ. 'ದೊಡ್ಡಪ್ಪ' ಎಂದು ಬರೆದರೂ ಇದೇ ಪಾಡು. ಯಾರ ದೊಡ್ಡಪ್ಪ? ಮೊಮ್ಮಕ್ಕಳ ಕಾಲಕ್ಕೆ ಆ ಪದದಿಂದ ಏನೂ ತಿಳಿಯದು. ವ್ಯಕ್ತಿಯ ಹೆಸರು, ತಂದೆಯ ಹೆಸರು, ಊರು, ಆ ಮದುವೆ ನಡೆದ ಇಸವಿ: ಇಷ್ಟಿರಲಿ. ಹೆಣ್ಣುಮಕ್ಕಳಿಗೆ ತವರೂರು, ಸೇರಿದ ಮನೆ ಎರಡನ್ನೂ ಬರೆಯಿರಿ. ಹಳೆಯ ಚಿತ್ರಗಳಲ್ಲಿ ಮೊದಲು ಹೆಸರಿಲ್ಲದವರಾಗುವವರು ಅವರೇ.

ಕೋಲಾರ ಚಿನ್ನದ ಗಣಿಯ ಸುತ್ತಿನ ಕುಟುಂಬಗಳಿಗೆ ಇದನ್ನು ಒತ್ತಿ ಹೇಳುತ್ತೇವೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅಲ್ಲಿಂದ ಚದುರಿದ ಮನೆಗಳೆಷ್ಟೋ. ಗಣಿಯ ಕಾಲದ ಫೋಟೋಗಳು ಈಗ ಬೆಂಗಳೂರಿನ ಬಾಡಿಗೆಮನೆಗಳ ಅಟ್ಟದ ಮೇಲಿವೆ. ಅವುಗಳಲ್ಲಿರುವವರನ್ನು ಗುರುತಿಸಬಲ್ಲವರು ಇನ್ನೂ ಕೆಲವರು ಊರುಕಡೆ ಇದ್ದಾರೆ. ಫೋಟೋ ಒಂದು ಕಡೆ, ನೆನಪು ಇನ್ನೊಂದು ಕಡೆ. ಯುಗಾದಿಗೋ ದೀಪಾವಳಿಗೋ ಊರಿಗೆ ಬರುವ ತರುಣರು ಸಿಹಿಯ ಪೊಟ್ಟಣದೊಂದಿಗೆ ಒಂದು ಡಿಸ್ಕನ್ನೂ ತಂದರೆ ಎರಡೂ ಒಂದೇ ಕೋಣೆಯಲ್ಲಿ ಸೇರಿಯಾವು.

ಬೂದಿಕೋಟೆಯ ಪತ್ರದಲ್ಲಿ ಇನ್ನೊಂದು ಸಣ್ಣ ಪ್ರಶ್ನೆಯಿತ್ತು: ಚಿತ್ರಗಳ ಹಿಂದೆ ವಚನಗಾಯನ ಕೇಳಿಸುವಂತೆ ಮಾಡಬಹುದೇ? ಕೆಲವು ಪ್ಲೇಯರುಗಳು ಒಂದೇ ಡಿಸ್ಕಿನಲ್ಲಿರುವ ಎಂಪಿ3 ಹಾಡನ್ನೂ ಚಿತ್ರಗಳನ್ನೂ ಒಟ್ಟಿಗೆ ನಡೆಸುತ್ತವೆ, ಹಲವು ನಡೆಸುವುದಿಲ್ಲ. ವಿಡಿಯೋ ಡಿಸ್ಕ್ ಮಾಡುವುದಾದರೆ ಖಂಡಿತ ಸೇರಿಸಬಹುದು. ಆದರೆ ಹೆಸರು ಬರೆದುಕೊಳ್ಳುವ ದಿನ ಟಿವಿಯ ಧ್ವನಿಯನ್ನು ಪೂರ್ತಿ ತಗ್ಗಿಸಿಡಿರಿ. ಅತ್ತೆಯವರ ಮಾತು ಕೇಳಿಸಬೇಕು.